ಬುಡಾಪೆಸ್ಟಿನಿಂದ ಹಾರಿಬಂದ ಪಾರಿವಾಳಗಳು

ಗೂಡಿನ ಚಿಲಕ ಹೊರಗಿನಿಂದ ಹಾಕಿತ್ತು. ಒಳಗೆ ಗಂಡು ಪಾರಿವಾಳ ಎರಡು ಮೊಟ್ಟೆಗಳ ಮೇಲೆ ಕೂತಿತ್ತು. ಹೆಣ್ಣು ಇರಲಿಲ್ಲ.

“ಬೆಕ್ಕೇನಾದ್ರೂ...” ಎಂದೆ.

“ಬೆಕ್ಕು ಹೋಗೋವಾಗ ಚಿಲಕ ಹಾಕಿ ಹೋಗುತ್ತಾ ಮೇಡಂ?” ಗವ್ರಿಲ್ ಮಾಮ ರೇಗಿದರು.

ಬೆಕ್ಕಿನ ಮಾತೆತ್ತಿದ್ದು ನನ್ನದೇ ತಪ್ಪು. ಕ್ಲೂಜ್ ಠಾಣೆಯಲ್ಲಿ ಪಾರಿವಾಳದ ದೂರು ಬಂದರೆ ನನ್ನ ತಲೆಗೇ ಕಟ್ಟುತ್ತಾರೆ. ನನಗೆ ಹಕ್ಕಿ ಕಂಡರಾಗದು. ಆದರೆ ಮಾಮ ಗೂಡಿನ ಬಾಗಿಲು ಬಿಟ್ಟು ಕದಲಲಿಲ್ಲ. ತೀರಿಹೋದ ಹೆಂಡತಿ ಬೆಳೆಸಿದ ತಳಿಯಲ್ಲಿ ಉಳಿದ ಹೆಣ್ಣು ಅದೊಂದೇ. ಹಗಲು ಗಂಡು ಕಾವು ಕೊಡುತ್ತದೆ, ಸಂಜೆಯಿಂದ ಹೆಣ್ಣು. ಸಂಜೆಯೊಳಗೆ ಅದು ಸಿಗದಿದ್ದರೆ ಮೊಟ್ಟೆಗಳು ತಣ್ಣಗಾಗುತ್ತವೆ.

ಮಾಮ ಎಂಟಕ್ಕೆ ಚರ್ಚಿಗೆ ಹೋಗಿ ಹತ್ತಕ್ಕೆ ಬಂದಿದ್ದರು. ಕಳ್ಳತನ ಆ ನಡುವೆಯೇ ಆಗಿತ್ತು.

*

ಪಕ್ಕದ ಮನೆಯ ಡೊರೆಲ್ ಮೂರು ವರ್ಷದಿಂದ ದೂರದೂರಲ್ಲಿ ಬಿಟ್ಟ ಹಕ್ಕಿ ಮೊದಲು ಗೂಡು ಸೇರಬೇಕಾದ ಹಾರಾಟದ ಪಂದ್ಯದಲ್ಲಿ ಆ ಹೆಣ್ಣಿನೆದುರು ಸೋಲುತ್ತಿದ್ದ. ಮುಂದಿನ ಭಾನುವಾರ ಮತ್ತೆ ಪಂದ್ಯ. ಮಧ್ಯಾಹ್ನ ಒಂದಕ್ಕೆ ವ್ಯಾನಿನಿಂದ ಇಳಿದ.

“ನಾನಾ? ಬೆಳಗ್ಗೆ ಆರಕ್ಕೆ ಬುಡಾಪೆಸ್ಟಲ್ಲಿ ಅಭ್ಯಾಸಕ್ಕೆ ಹಕ್ಕಿ ಬಿಟ್ಟೆ. ಈಗ ಬರ್ತಿದ್ದೀನಿ. ಹಕ್ಕಿಗಳೇ ಸಾಕ್ಷಿ. ಲೆನುಟಾನ ಕೇಳಿ.”

ಹೆಂಡತಿ ಲೆನುಟಾ ಪುಸ್ತಕ ತಂದಳು. ಹಕ್ಕಿ ಸಾಕುವವರ ಮನೆಯಲ್ಲಿ ಹಕ್ಕಿ ಮರಳಿದ ಹೊತ್ತನ್ನು ನಿಮಿಷ ತಪ್ಪದೆ ಬರೆಯುತ್ತಾರೆ. ಮೊದಲ ಹಕ್ಕಿ ಹತ್ತೂಮುಕ್ಕಾಲಿಗೆ ಗೂಡು ಸೇರಿತ್ತು.

“ನೇರ ದಾರಿ ಎಷ್ಟು?” ಡೊರೆಲ್‌ನನ್ನು ಕೇಳಿದೆ.

“ಮುನ್ನೂರ ಐವತ್ತೈದು ಕಿಲೋಮೀಟರ್. ಗಂಟೆಗೆ ಎಪ್ಪತ್ತೈದರಂತೆ ಹಾರಿವೆ. ಲೆಕ್ಕ ಹಾಕಿ ನೋಡಿ.”

ಹಾಕಿದೆ. ನಾಲ್ಕೂಮುಕ್ಕಾಲು ಗಂಟೆ. ಆರರಿಂದ ಹತ್ತೂಮುಕ್ಕಾಲಿಗೆ ಸರಿಹೋಯಿತು.

“ಆರು ಅಂದ್ರೆ ಯಾವ ಊರಿನ ಆರು?”

“ಬಿಟ್ಟ ಊರಿನದ್ದೇ. ನಮ್ಮ ಕ್ಲಬ್ಬಿನ ಪದ್ಧತಿ ಅದು. ಅಲ್ಲಿನ ರೈಲು ನಿಲ್ದಾಣದ ಗಡಿಯಾರ ನೋಡ್ಕೊಂಡೇ ಬಿಟ್ಟೆ.”

ಅವನು ನಕ್ಕ. ನಾನೂ ನಕ್ಕೆ.

*

ಮೂವರನ್ನೂ ಮಾಮನ ಅಂಗಳದಲ್ಲಿ ನಿಲ್ಲಿಸಿದೆ.

“ಗಡಿಯಾಚೆಯ ಬುಡಾಪೆಸ್ಟಿನ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಅಲ್ಲಿನ ಆರು ಗಂಟೆ ಅಂದ್ರೆ ನಮಗೆ ಏಳು. ನಿನ್ನ ಹಕ್ಕಿಗಳು ಮೂರೂಮುಕ್ಕಾಲು ಗಂಟೆಗೆ ಬಂದಿವೆ ಡೊರೆಲ್. ಗಂಟೆಗೆ ತೊಂಬತ್ತೈದು ಕಿಲೋಮೀಟರ್.”

“ಗಾಳಿ ಹಿಂದಿನಿಂದ ಇದ್ರೆ...” ಡೊರೆಲ್ ತೊದಲಿದ.

ಒಣಹಾಕಿದ ಬಟ್ಟೆಗಳು ಬೆಳಗಿನಿಂದ ಬುಡಾಪೆಸ್ಟಿರುವ ಪಡುವಣಕ್ಕೇ ಹಾರುತ್ತಿದ್ದವು. ಮಾಮ ಅವುಗಳತ್ತ ಕೈ ತೋರಿಸಿದರು. “ಈ ಎದುರುಗಾಳೀಲಿ? ಹಕ್ಕಿಗೇನು ಇಂಜಿನ್ ಕಟ್ಟಿದ್ಯೇನೋ?”

“ಬುಡಾಪೆಸ್ಟಿಗೆ ಹೋದವನು ಅಲ್ಲಿನ ಗಡಿಯಾರ ನೋಡಿರ್ತಾನೆ, ಈ ಒಂದು ಗಂಟೆ ಮರೆಯಲ್ಲ,” ಎಂದೆ. “ನೀನು ಇಲ್ಲೇ ಇದ್ದೆ. ಇಲ್ಲಿನ ಗಡಿಯಾರದಲ್ಲೇ ಲೆಕ್ಕ ಹಾಕಿದೆ. ಮಾಮ ಚರ್ಚಲ್ಲಿದ್ದಾಗ ಹೆಣ್ಣನ್ನ ಕದ್ದು, ಊರಾಚೆಯ ಗುಡ್ಡದಿಂದ ಹೊತ್ತು ನೋಡಿ ಹಕ್ಕಿ ಬಿಟ್ಟೆ. ಲೆನುಟಾ ನಂಬಿ ಬರೆದ್ಳು.”

ಲೆನುಟಾ ಗಂಡನ ಮುಖ ನೋಡಿದಳು. ನೇರ ವ್ಯಾನಿಗೆ ಹೋಗಿ ಸೀಟಿನಡಿಯಿಂದ ಬುಟ್ಟಿ ಎಳೆದಳು. ಹೆಣ್ಣು ಜೀವಂತವಾಗಿತ್ತು. ಮನೆಗೆ ಹಾರದಂತೆ ರೆಕ್ಕೆಯ ಗರಿಗಳನ್ನು ಕತ್ತರಿಸಲಾಗಿತ್ತು.

ನಾನು ಡೊರೆಲ್‌ನ ತೋಳು ಹಿಡಿದೆ. ಆದರೆ ಮಾಮ ಬೈಯಲಿಲ್ಲ. ಹಕ್ಕಿಯನ್ನು ಎದೆಗವಚಿಕೊಂಡು ಗೂಡಿನತ್ತ ನಡೆದರು.

“ಕೇಳಿದ್ರೆ ಹೇಳ್ತಿದ್ನಲ್ಲೋ ಡೊರೆಲ್,” ಎಂದರು. “ಮೊಟ್ಟೆ ಮೇಲೆ ಕೂತವಳನ್ನ ಯಾರಾದ್ರೂ ಪಂದ್ಯಕ್ಕೆ ಕಳಿಸ್ತಾರಾ? ಪಂದ್ಯದ ಪಟ್ಟಿಯಿಂದ ಅವಳ ಹೆಸರು ಹೋದ ವಾರಾನೇ ತೆಗೆಸಿದ್ದೆ.”