ಮದುಮಗನ ಕೋಟು ಹರಿದ ಪ್ರಕರಣ

ಹೊಸ ಕೋಟು ತೊಟ್ಟ ಚಿರಂತನ ತಲೆ ಬಾಚಲೆಂದು ಕೈ ಎತ್ತಿದ. ಬೆನ್ನ ಮೇಲೆ ಪರ್ರ್ ಎಂದಿತು. ಕುತ್ತಿಗೆಯಿಂದ ಸೊಂಟದವರೆಗೆ ಕೋಟು ನೆಟ್ಟಗೆ ಎರಡು ಹೋಳು.

"ಹರದೋತು ಆಯಿ!"

ಮದುವೆ ನಾಳೆ. ಲಾಡು ಕಟ್ಟುತ್ತಿದ್ದ ತಾಯಿ ದೇವಕಿ ಕೈ ತೊಳೆಯದೇ ಓಡಿಬಂದರು. ಹಿಂದೆಯೇ ಪಕ್ಕದ ಮನೆಯ ನೀಲಗಂಗವ್ವ. ಬನವಾಸಿ ಕಡೆಯ ಹೆಣ್ಣು, ಸಿದ್ದಾಪುರದಲ್ಲಿ ಹೆಡ್ ಕಾನ್ಸ್‌ಟೇಬಲ್. ಇವತ್ತು ರಜೆ ಹಾಕಿ ಲಾಡಿಗೆ ಕೈಜೋಡಿಸಲು ಬಂದವಳು.

ದೇವಕಿ ಕೋಟು ಮಾರಿದ ವೆಂಕಟ್ರಮಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಅಕ್ಕಾ, ಎನ್ನ ಮಾಲು ಹಾಂಗೆಲ್ಲ ಹರಿತಿಲ್ಲೆ. ತೋಳು ಗಿಡ್ಡ ಮಾಡಲೆ ಚನ್ನಬಸವಂಗೆ ಕೊಟ್ಟಿದ್ರಿ ಅಲ್ದಾ? ಬೇಕಂತಲೇ ಕತ್ತರಿ ಆಡಿಸಿದ್ದ. ಪೊಲೀಸರಿಗೆ ಹೇಳಿ."

"ಪೊಲೀಸರು ಇಲ್ಲೇ ಲಾಡು ಕಟ್ಟಾಕ ಹತ್ಯಾರ್ರಿ," ಎಂದಳು ನೀಲಗಂಗವ್ವ.

ಆಚೆ ಫೋನು ಕಟ್ ಆಯಿತು.

*

ಚನ್ನಬಸವನ ಹೊಲಿಗೆ ಅಂಗಡಿಗೆ ಸುದ್ದಿ ನೀಲಗಂಗವ್ವನಿಗಿಂತ ಮೊದಲೇ ಮುಟ್ಟಿತ್ತು. ದೇವಕಿ ಫೋನಿನಲ್ಲೇ ಬೈದಿದ್ದರು. ಅವರ ನೆಂಟ ಕಾರ್ತಿಕ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ಚೀಲಕ್ಕೆ ತುಂಬಿಕೊಂಡು ಹೊರಟಿದ್ದ.

"ನೋಡ್ರಿ ಅಕ್ಕಾರ. ಕತ್ತರಿ ಮ್ಯಾಲೆ ಅಪವಾದ ಬಂದ್ರ ಈ ಊರಾಗ ನನಗ ಯಾರು ಬಟ್ಟಿ ಕೊಡ್ತಾರ?"

"ಬೆನ್ನು ಮುಟ್ಟೀಯೇನು?"

"ತೋಳಷ್ಟ ಮುಟ್ಟೇನ್ರಿ."

"ವೆಂಕಟ್ರಮಣನ ಮ್ಯಾಲೆ ಸಿಟ್ಟೈತೇನು?"

"ಐತ್ರಿ. ಅವನು ಮಾರಿದ ಅಂಗಿಗೆ ಗುಂಡಿ ಹಚ್ಚಿ ಹಚ್ಚಿ ಸಾಕಾಗೇತಿ."

ಸಿಟ್ಟೂ ಇದೆ, ಕತ್ತರಿಯೂ ಇದೆ. ನೀಲಗಂಗವ್ವನಿಗೆ ಅರೆಗಳಿಗೆ ಅನುಮಾನ ಬಂದದ್ದು ಸುಳ್ಳಲ್ಲ. ಜೊತೆಗೆ ತಂದಿದ್ದ ಹರಿದ ಕೋಟನ್ನು ಬಾಗಿಲ ಬೆಳಕಿಗೆ ಹಿಡಿದಳು. ಬಟ್ಟೆಗೆ ಏನೂ ಆಗಿರಲಿಲ್ಲ. ಹೊಲಿಗೆ ಮಾತ್ರ ಬಿಟ್ಟಿತ್ತು. ಬಿಡದೆ ಉಳಿದಿದ್ದ ಪಕ್ಕದ ಹೊಲಿಗೆಯನ್ನು ಜಗ್ಗಿದಳು. ದಾರ ಪುಡಿಪುಡಿಯಾಯಿತು. ಅತ್ತರಿನ ಘಾಟು ಮೂಗಿಗೆ ಬಡಿಯಿತು.

"ಹೊಸಾ ಕೋಟಿಗೆ ಇಷ್ಟ್ಯಾಕ ಅತ್ತರು?"

*

ವೆಂಕಟ್ರಮಣನ ಅಂಗಡಿಯಲ್ಲಿ ಹಗಲಲ್ಲೂ ಹಳದಿ ದೀಪ. ಕಿಟಕಿಗಳಿಗೆಲ್ಲ ಪೋಸ್ಟರ್ ಅಂಟಿಸಿತ್ತು. ಗೋಡೆಗೆ ಒರಗಿಸಿಟ್ಟ ಕನ್ನಡಿಯಲ್ಲಿ ನೀಲಗಂಗವ್ವ ಕೂಡ ಎತ್ತರವಾಗಿ, ತೆಳ್ಳಗೆ ಕಂಡಳು. ತುಸು ಖುಷಿಪಟ್ಟು ಕೆಲಸಕ್ಕಿಳಿದಳು.

"ನಮ್ಮ ಮನಿಯವ್ರಿಗೆ ಒಂದು ಅಂಗಿ ತೋರಸ್ರಿ."

ಚೌಕಳಿ ಅಂಗಿ ಬಂತು. ಜೇಬಿನ ಗೆರೆಗೂ ಎದೆಯ ಗೆರೆಗೂ ತಾಳಮೇಳವಿರಲಿಲ್ಲ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು. ಅಂಗೈಗೆ ಗಂಜಿಯ ಬಿಳಿಪುಡಿ ಅಂಟಿತು. ಒಳಮಡಿಕೆಯಲ್ಲಿ ಸಡಿಲಿಸಲು ಒಂದು ಬೆರಳಷ್ಟೂ ಬಟ್ಟೆ ಬಿಟ್ಟಿರಲಿಲ್ಲ.

"ಹೊರಗ ಬೆಳಕಿನ್ಯಾಗ ನೋಡ್ಲೇನ್ರಿ?"

"ಬೇಡಿ ಮೇಡಂ, ಧೂಳಾಗ್ತದೆ."

"ಹಂಗಾರ ಆ ಕರೀ ಕೋಟು ಕೊಡ್ರಿ." ಕೋಟು ಕೈಗೆ ಬಂದೊಡನೆ ಜೇಬು ತಡವಿದಳು. "ಜೇಬು ಯಾಕ ಹೊಲದೀರಿ?"

"ಹೊಸ ಕೋಟು ಕಂಪನಿಯಿಂದ ಹಾಗೇ ಬರ್ತದೆ."

"ಖರೆ. ಆದ್ರ ಕರೀ ಕೋಟಿಗೆ ನೀಲಿ ದಾರ ಯಾವ ಕಂಪನಿ ಹಾಕ್ತೈತ್ರಿ?"

ದಾರ ಕಿತ್ತು ಜೇಬನ್ನು ಮೇಜಿನ ಮೇಲೆ ಕೊಡವಿದಳು. ಅರಿಶಿನ ಮೆತ್ತಿದ ಅಕ್ಕಿಕಾಳು ಉದುರಿದವು. ಮದುವೆಯ ಅಕ್ಷತೆ.

ವೆಂಕಟ್ರಮಣ ಹಳದಿ ದೀಪದಡಿಯಲ್ಲೂ ಬಿಳುಚಿಕೊಂಡ.

"ನಡೀರಿ, ಮದುವಿಮನಿಗೆ ಹೋಗೂಣು."

*

ಜಗುಲಿಯಲ್ಲಿ ನೆಂಟರು ನೆರೆದರು. ಚನ್ನಬಸವನನ್ನೂ ಕರೆಸಿದ್ದಾಯಿತು.

"ಕತ್ತರಿ ಆಡಿದ್ರ ಬಟ್ಟಿ ಕೊಯ್ತಿತ್ತು," ನೀಲಗಂಗವ್ವ ಬಿಡಿಸಿ ಹೇಳಿದಳು. "ಇಲ್ಲಿ ದಾರ ಅಷ್ಟ ಹೋಗೇತಿ. ಊರ ಮದುಮಕ್ಕಳ ಬೆವರು ಕುಡದು ಜೀರ್ಣಾಗೇತಿ. ಇವ್ರು ಬಾಡಿಗಿಗೆ ಕೊಟ್ಟು ಹಳೇದಾದ ಕೋಟಿಗೆ ಇಸ್ತ್ರಿ ಹೊಡದು, ವಾಸನಿ ಮುಚ್ಚಾಕ ಅತ್ತರು ಹಾಕಿ, ಜೇಬು ಹೊಲದು ಹೊಸಾದು ಅಂತ ಮಾರ್ಯಾರ."

ಚಿರಂತನನ ಕೋಟಿನ ಜೇಬನ್ನು ಎಲ್ಲರೆದುರು ಬಿಚ್ಚಿದಳು. ಅಲ್ಲೂ ನೀಲಿ ದಾರ. ಅಲ್ಲೂ ಅಕ್ಷತೆ.

"ಹುಡುಗನ ಮದುವಿ ನಾಳೆ. ಕೋಟಿಗೆ ಎಷ್ಟು ಮದುವಿ ಆಗ್ಯಾವೋ!"

ಜಗುಲಿ ನಗೆಯಲ್ಲಿ ಮುಳುಗಿತು. ವೆಂಕಟ್ರಮಣ ತಲೆ ತಗ್ಗಿಸಿದ. "ಚನ್ನಬಸವಂದು ತಪ್ಪಿಲ್ಲೆ."

"ಜೋರಾಗಿ ಹೇಳು," ಎಂದರು ದೇವಕಿ. "ಅಟ್ಟದ ಮೇಲಿದ್ದವ್ರಿಗೂ ಕೇಳ್ಲಿ."

ಅವನು ಜೋರಾಗಿ ಹೇಳಿದ. ಕಾರ್ತಿಕ ಸದ್ದಿಲ್ಲದೆ ತನ್ನ ಚೀಲವನ್ನು ಚನ್ನಬಸವನ ಕಾಲ ಬಳಿ ಸರಿಸಿದ.

ದೇವಕಿ ಒಳಗಿನಿಂದ ರೇಷ್ಮೆ ಬಟ್ಟೆ ತಂದರು. "ಬೆಳಿಗ್ಗೆ ಬೈದಿದ್ದು ಮನಸ್ಸಿಗೆ ಹಚ್ಚಿಕೊಳ್ಬೇಡ ಮಾರಾಯಾ. ನಾಳೆಗೆ ಒಂದು ಜುಬ್ಬಾ ಹೊಲಿದು ಕೊಡು."

ಚನ್ನಬಸವ ಟೇಪು ತೆಗೆದು ಮದುಮಗನ ಸೊಂಟಕ್ಕೆ ಸುತ್ತಿದ. ಚಿರಂತನ ಹೊಟ್ಟೆ ಒಳಗೆಳೆದುಕೊಂಡು ಸೆಟೆದು ನಿಂತ.

"ಉಸಿರು ಬಿಡ್ರಿ ಮದುಮಗಾ. ಊಟ ಆದ ಮ್ಯಾಲೂ ಇದು ಹರೀಬಾರದು."