ಲಗಾಮು ಹಿಡಿದವನು

"ಏಯ್! ಕುದುರೆಗಳನ್ನ ಆ ಕಡೆ ಹೊಡ್ಕೊಂಡು ಹೋಗಿ! ಇಲ್ಲಿ ಶೂಟಿಂಗ್ ನಡೀತಿದೆ!"

ಕನಿಶಾಯ್ ಕಿರುಚಿದ ರಭಸಕ್ಕೆ ಪಕ್ಕದಲ್ಲಿದ್ದ ಡ್ರೋನ್ ಹಾರಿಸುವವನೇ ಬೆಚ್ಚಿಬಿದ್ದ. ಕುದುರೆಗಳು ಮಾತ್ರ ಬೆಚ್ಚಲಿಲ್ಲ. ಕ್ಯಾಮೆರಾದ ಮುಂದೆಯೇ ಆರಾಮವಾಗಿ ಮೇಯುತ್ತ, ಬಾಲ ಬೀಸುತ್ತ, ಹಿಂದಿದ್ದ ಸರೋವರವನ್ನು ಪೂರ್ತಿ ಮುಚ್ಚಿಬಿಟ್ಟವು.

ಅವುಗಳ ಹಿಂದೆ ಒಂದು ಕೆಂಗಂದು ಕುದುರೆ. ಅದರ ಮೇಲೆ ಕೂತಿದ್ದವನು ಬಿಳಿ ಉಣ್ಣೆ ಟೋಪಿಯನ್ನು ಹಿಂದಕ್ಕೆ ತಳ್ಳಿ ಅವಳನ್ನು ನೋಡಿದ.

"ಶೂಟಿಂಗ್ ನಿಮ್ದು, ಸರಿ. ಹುಲ್ಲು ಇವುಗಳದ್ದಲ್ವಾ?"

"ಇದು ಸರ್ಕಾರದ ಕೆಲಸ ರೀ!"

"ಹೌದಾ? ಹಾಗಾದ್ರೆ ನೀವೇ ಹೇಳಿ ನೋಡಿ ಇವಕ್ಕೆ. ಸರ್ಕಾರ ಅಂದ್ರೆ ಹೆದರ್ತಾವೇನೋ..."

ಹಿಂದೆ ನಿಂತಿದ್ದ ವಿದೇಶಿ ಪತ್ರಕರ್ತರಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ನಾರ್ವೆಯಿಂದ ಬಂದಿದ್ದ ಮಾರಿಟ್ ಎಂಬ ಛಾಯಾಗ್ರಾಹಕಿಯಂತೂ ಬಿದ್ದು ಬಿದ್ದು ನಕ್ಕಳು.

ಕನಿಶಾಯ್‌ಗೆ ಮೈಯೆಲ್ಲ ಉರಿಯಿತು. ಎಂಥ ಅಹಂಕಾರ ಇವನಿಗೆ! ಎಷ್ಟು ಹೊತ್ತಿಗೆ ಈ ಕಡೆಯಿಂದ ತೊಲಗುತ್ತಾನೋ!

ಅವನು ಸಿಳ್ಳೆ ಹಾಕಿ ಕುದುರೆಗಳನ್ನು ತಿರುಗಿಸಿಕೊಂಡು ಹೊರಟೇಬಿಟ್ಟ. ಆಗ ಅವಳಿಗೆ, ಛೇ, ಇಷ್ಟು ಬೇಗ ಹೋಗಿಬಿಟ್ಟನಾ ಎನ್ನಿಸಿದ್ದೂ ಸುಳ್ಳಲ್ಲ.

ಕನಿಶಾಯ್ ಇದ್ದದ್ದು ಬಿಷ್ಕೆಕ್‌ನಲ್ಲಿ, ದೇಶದ ಪ್ರವಾಸ ಪ್ರಚಾರದ ಕಚೇರಿಯಲ್ಲಿ. ಹೊರಗಿನ ಪತ್ರಿಕೆಯವರನ್ನು ಕರೆತಂದು, ಉಣಿಸಿ, ತಿರುಗಾಡಿಸಿ, ಕಿರ್ಗಿಜ್‌ಸ್ತಾನದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಸುವುದು ಅವಳ ಕೆಲಸ. ಪರದೇಶಗಳ ಪ್ರವಾಸ ಮೇಳಗಳಲ್ಲಿ ಮಳಿಗೆ ಹಾಕಿ ನಿಲ್ಲುವುದೂ ಅವಳೇ. ಆ ಮೇಳಗಳಲ್ಲಿ ಜನ ಬರುತ್ತಿದ್ದರು, ಬಟ್ಟಲಿನಲ್ಲಿಟ್ಟ ಒಣ ಏಪ್ರಿಕಾಟ್ ಬಾಯಿಗೆ ಹಾಕಿಕೊಳ್ಳುತ್ತಿದ್ದರು, "ಓ, ಯಾವುದೋ ಒಂದು ಸ್ತಾನ್!" ಎಂದು ಮುಂದಿನ ಮಳಿಗೆಗೆ ಹೋಗಿಬಿಡುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು.

'ಯಾವುದೋ ಒಂದಂತೆ! ಒಂದೇ ಒಂದು ಚಿತ್ರ ಸಿಗಲಿ ನನಗೆ... ಹೋಗುವವರೆಲ್ಲ ನಿಂತು ನೋಡಬೇಕು. ನಾವು ಯಾರು ಅಂತ ಗೊತ್ತಾಗಬೇಕು!'

ಆ ಚಿತ್ರಕ್ಕಾಗಿಯೇ ಅವಳು ಈ ತಂಡವನ್ನು ಇಸಿಕ್-ಕುಲ್ ಸರೋವರದ ಮೇಲಿನ ಬೇಸಿಗೆಯ ಹುಲ್ಲುಗಾವಲಿಗೆ ಹತ್ತಿಸಿ ತಂದಿದ್ದಳು.

ಸಂಜೆ ಅತಿಥಿಗಳನ್ನು ಇಳಿಸಬೇಕಿದ್ದ ಉಣ್ಣೆಗುಡಾರದ ಬಾಗಿಲು ಸರಿಸಿದರೆ, ಒಳಗೆ ಕೂತಿದ್ದವನು ಅವನೇ!

"ಬನ್ನಿ ಸರ್ಕಾರ, ಒಳಗೆ ಬನ್ನಿ," ಎಂದ ಅವನು, ಎದ್ದು ನಿಂತು.

"ಲೋ ಬೆಕ್ತುರ್, ಮನೆಗೆ ಬಂದ ಹೆಣ್ಣುಮಗಳನ್ನ ಹಾಗೆಲ್ಲ ಅಣಕಿಸ್ತಾರೇನೋ!" ಎಂದು ಅವನ ತಾಯಿ ತೊತುಗುಲ್ ಅಪಾ ಗದರಿ, ಕನಿಶಾಯ್‌ಳ ಕೈ ಹಿಡಿದು ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಕೂರಿಸಿದರು. "ಎಷ್ಟು ಸೊರಗಿದ್ದೀಯ ಮಗಳೇ! ಪಟ್ಟಣದಲ್ಲಿ ಊಟ ಹಾಕಲ್ವಾ ನಿಮಗೆ?"

ಬಿಸಿಬಿಸಿ ಕರಿದ ಬೋರ್ಸೊಕ್ ರೊಟ್ಟಿ, ಕೆನೆ, ಕುದುರೆಹಾಲು ಹುಳಿಯಿಸಿದ ಕುಮಿಸ್ ಬಂದವು. ಬೆಕ್ತುರ್ ತಾನೇ ಬಟ್ಟಲು ತುಂಬಿ ಕೊಟ್ಟ. ಅವಳು ಮುಖ ಸಿಂಡರಿಸದೆ ಒಂದೇ ಉಸಿರಿಗೆ ಕುಡಿದದ್ದನ್ನು ನೋಡಿ ಅವನ ಹುಬ್ಬು ಮೇಲೇರಿತು.

"ಪಟ್ಟಣದವರು ಅಂದ್ಕೊಂಡಿದ್ದೆ..."

"ನಾರಿನ್‌ನಲ್ಲಿ ನಮ್ಮ ತಾತನ ಕುದುರೆಗಳ ಮಧ್ಯೆ ಬೆಳೆದವಳು ನಾನು. ನಡಿಗೆ ಕಲಿಯೋದಕ್ಕೆ ಮುಂಚೆ ತಡಿ ಮೇಲೆ ಕೂತಿದ್ದೆ."

"ಹಾಗಾದ್ರೆ ನಿಮ್ಮ ಕಚೇರಿ ಪೋಸ್ಟರ್‌ಗಳಲ್ಲಿ ನಾವು ಯಾಕೆ ಯಾವಾಗ್ಲೂ ಹಲ್ಲು ಕಿರ್ಕೊಂಡು ಇರ್ತೀವಿ? ನಮ್ಮೂರಲ್ಲಿ ಯಾರು ಹಾಗೆ ನಗ್ತಾರೆ, ನೀವೇ ಹೇಳಿ!"

ಅವಳಿಗೆ ನಗು ತಡೆಯಲಾಗಲಿಲ್ಲ. "ಅತಿಥಿಗಳು ಹೆದರ್ಕೋಬಾರ್ದಲ್ಲ!"

ಅವನೂ ನಕ್ಕ. ಎದೆಯೊಳಗೆ ಏನೋ ಸಡಿಲವಾದಂತಾಯಿತು ಅವಳಿಗೆ. ಮರುದಿನವೆಲ್ಲ ಅವನು ಅತಿಥಿಗಳ ಜೊತೆಗಿದ್ದ. ಮಾರಿಟ್‌ಳನ್ನು ಕುದುರೆ ಹತ್ತಿಸಿದ, ಮಾತು ಬಾರದಿದ್ದರೂ ಎಲ್ಲರನ್ನೂ ನಗಿಸಿದ. ಎಲ್ಲಿದ್ದರೂ ಅವನ ಕಣ್ಣು ಇವಳನ್ನೇ ಹುಡುಕುತ್ತಿತ್ತು... ಅಥವಾ ಅವಳಿಗೆ ಹಾಗೆ ಅನ್ನಿಸಿತು.

ಕೊನೆಯ ದಿನ ಕಿಜ್ ಕೂಮಾಯ್ ಆಟ. ಹುಡುಗಿ ಮುಂದೆ ಕುದುರೆ ಓಡಿಸುತ್ತಾಳೆ, ಹುಡುಗ ಬೆನ್ನಟ್ಟುತ್ತಾನೆ. ಗೆರೆ ಮುಟ್ಟುವುದರೊಳಗೆ ಹಿಡಿದರೆ ಓಡುವ ಕುದುರೆಯ ಮೇಲೆಯೇ ಅವಳಿಗೆ ಮುತ್ತು. ಹಿಡಿಯದಿದ್ದರೆ, ತಿರುಗಿ ಬರುವಾಗ ಅವಳು ಅವನನ್ನು ಅಟ್ಟಿಸಿಕೊಂಡು ಬಂದು ಚಾವಟಿಯಲ್ಲಿ ಬಾರಿಸುತ್ತಾಳೆ. ಊರಿಗೆ ಊರೇ ಸೇರುವ ಆಟ.

ಬೆಳಿಗ್ಗೆಯೇ ಎಡವಟ್ಟಾಯಿತು. ಓಡಬೇಕಿದ್ದ ಹುಡುಗಿ ಮಣಿಕಟ್ಟು ಉಳುಕಿಸಿಕೊಂಡು ಕೂತಿದ್ದಳು. ಕಚೇರಿಯ ಮುಖ್ಯಸ್ಥ ಸಗಿನ್ ಬೈಕೆ, ಅಂದರೆ ಸಗಿನ್ ಅಣ್ಣ, ಬೆವರು ಒರೆಸಿಕೊಳ್ಳುತ್ತ ಓಡಿ ಬಂದರು.

"ಕನಿಶಾಯ್ ತಂಗಿ, ನೀನೇ ಹತ್ತು! ಬೇರೆ ದಾರಿ ಇಲ್ಲ."

"ನಾನಾ? ಯಾರ ಜೊತೆ ಬೈಕೆ?"

"ಬೆಕ್ತುರ್ ಜೊತೆ. ಅವನ ಆ ಕೆಂಗಂದು ಜೀರ್ದೆಯನ್ನ ಈ ಸೀಮೇಲಿ ಮೀರಿಸೋ ಕುದುರೆ ಇಲ್ಲ, ಅದಕ್ಕೇ ಅವನನ್ನ ಒಪ್ಸಿದ್ದು. ನಮಗೆ ಆ ಮುತ್ತಿನ ಫೋಟೋ ಬೇಕೇ ಬೇಕು, ಅವನಿಗೂ ಹೇಳಿದ್ದೀನಿ. ಈ ವರ್ಷದ ಪೋಸ್ಟರ್ ಅದೇ!"

ಅವಳು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಕೆಲಸಕ್ಕಾಗಿ, ದೇಶಕ್ಕಾಗಿ ಎಂದು ಮನಸ್ಸಿಗೆ ಹೇಳಿಕೊಂಡಳು. ಕನ್ನಡಿಯಲ್ಲಿ ನೋಡಿಕೊಂಡಾಗ ಕೆನ್ನೆ ಕೆಂಪಾಗಿದ್ದದ್ದು ದೇಶಕ್ಕಾಗಿ ಅಲ್ಲ ಎಂದು ಅವಳಿಗೂ ಗೊತ್ತಿತ್ತು.

ಕೆಂಪು ಮಖಮಲ್ಲಿನ ಅಂಗಿ, ಬೆನ್ನ ಮೇಲೆ ಜಡೆ, ಕೈಯಲ್ಲಿ ಚಾವಟಿ. ಅವಳಿಗೆ ಕೊಟ್ಟದ್ದು ತೊತುಗುಲ್ ಅಪಾ ಸಾಕಿದ ಬಿಳಿ ಹೆಣ್ಣು ಕುದುರೆ.

ಊರ ಹಿರಿಯರೊಬ್ಬರು ಕೈ ಬೀಸಿದರು. ಕುದುರೆ ನೆಗೆಯಿತು!

ಎಷ್ಟು ವರ್ಷವಾಗಿತ್ತು ಹೀಗೆ ಓಡಿ! ಗಾಳಿ ಕಿವಿಯಲ್ಲಿ ಮೊರೆಯಿತು. ತಾತನ ದನಿ ಕೇಳಿದಂತಾಯಿತು. ಹಿಂದೆ ಜೀರ್ದೆಯ ಗೊರಸಿನ ಸದ್ದು... ಹತ್ತಿರ... ಇನ್ನೂ ಹತ್ತಿರ... ಅದರ ಬಿಸಿಯುಸಿರು ಅವಳ ಮೊಣಕಾಲಿಗೆ ತಾಗಿತು.

ಅವಳು ತಿರುಗಿ ನೋಡಿದಳು. ಬೆಕ್ತುರ್ ಕೈಯಳತೆಯಲ್ಲಿದ್ದ. ಕಣ್ಣಿಗೆ ಕಣ್ಣು ಸೇರಿತು. ಅವಳು ಉಸಿರು ಬಿಗಿಹಿಡಿದು ಕಾದಳು...

ಅವನು ಲಗಾಮು ಎಳೆದ.

ಜೀರ್ದೆ ಹಿಂದೆ ಬಿತ್ತು. ಅವಳೊಬ್ಬಳೇ ಗೆರೆ ದಾಟಿದಳು.

ಗುಂಪಿನಿಂದ ಯಾರೋ ಕೂಗಿದರು: "ಏನೋ ಬೆಕ್ತುರ್, ಪಟ್ಟಣದ ಹುಡುಗಿ ರುಚಿಸ್ಲಿಲ್ವೇನೋ!"

ಬೆಟ್ಟವೆಲ್ಲ ಗೊಳ್ಳೆಂದಿತು.

ಕನಿಶಾಯ್‌ಳ ಕಣ್ಣಲ್ಲಿ ನೀರು ತುಂಬಿತು. ಆ ಕುದುರೆ ಸೋಲುವಂಥದ್ದಲ್ಲ ಎಂದು ಇಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಬೇಡ ಎಂದೇ ಬಿಟ್ಟ! ಅಷ್ಟೂ ಜನರ ಎದುರಿಗೆ ನನ್ನನ್ನು ಬೇಡ ಎಂದ!

ಅವಳು ಕುದುರೆ ತಿರುಗಿಸಿದಳು. ಆಮೇಲೆ ಆದದ್ದು ಆಟವಲ್ಲ. ಅವನ ಬೆನ್ನು ಸಿಕ್ಕಿದ ಕೂಡಲೇ ಚಾವಟಿ ಎತ್ತಿದಳು. ಬಾರಿಸಿದಳು, ಮತ್ತೆ ಬಾರಿಸಿದಳು, ಅವನ ಬಿಳಿ ಟೋಪಿ ಹಾರಿ ಹುಲ್ಲಿಗೆ ಬಿತ್ತು. ಹೆಂಗಸರು ಕೇಕೆ ಹಾಕಿದರು. ತೊತುಗುಲ್ ಅಪಾ ಎಲ್ಲರಿಗಿಂತ ಜೋರಾಗಿ, "ಹಾಕು ಮಗಳೇ ಇನ್ನೊಂದು!" ಎಂದರು. ಮಾರಿಟ್‌ಳ ಕ್ಯಾಮೆರಾ ನಿಲ್ಲಲೇ ಇಲ್ಲ.

ಮಧ್ಯಾಹ್ನ ಹೊರಡುವಾಗ ಬೆಕ್ತುರ್ ಕಾರಿನ ಹತ್ತಿರ ಬಂದ. "ಕನಿಶಾಯ್, ಒಂದು ಮಾತು..."

ಅವಳು ಗಾಜು ಏರಿಸಿದಳು. ದಾರಿಯುದ್ದಕ್ಕೂ ಸರೋವರ ನೋಡುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಬೇಸಿಗೆ ಮುಗಿಯುವ ಹೊತ್ತಿಗೆ ಮಾರಿಟ್‌ಳ ಲೇಖನ ಬಂತು. ಪುಟದ ತುಂಬ ಒಂದೇ ಚಿತ್ರ. ಗಾಳಿಗೆ ಹಾರಿದ ಜಡೆ, ಎತ್ತಿದ ಚಾವಟಿ, ಉರಿಯುವ ಕಣ್ಣು, ಮುಂದೆ ಕುದುರೆಯ ಕುತ್ತಿಗೆಗೆ ಬಾಗಿದ ಒಬ್ಬ ಗಂಡಸು, ಹಿಂದೆ ಹಿಮ ಹೊತ್ತ ಬೆಟ್ಟ. ಎಲ್ಲೆಲ್ಲಿಂದಲೋ ಕರೆಗಳು ಬರತೊಡಗಿದವು. ಇದು ಯಾವ ದೇಶ? ಯಾರು ಈ ಹುಡುಗಿ?

ಸಗಿನ್ ಬೈಕೆ ತಲೆ ಮೇಲೆ ಕೈ ಹೊತ್ತು ಕೂತರು. "ಇದನ್ನ ಪೋಸ್ಟರ್ ಮಾಡೋದಾ? ನಮ್ಮ ಗಂಡಸರು ಏಟು ತಿನ್ನೋದನ್ನ ಲೋಕಕ್ಕೆಲ್ಲ ತೋರಿಸ್ಬೇಕಾ ತಂಗಿ?"

"ನಮ್ಮ ಹೆಣ್ಣುಮಕ್ಕಳು ಕುದುರೆ ಮೇಲೆ ಹೇಗಿರ್ತಾರೆ ಅಂತ ತೋರ್ಸೋಣ ಬೈಕೆ!" ಕನಿಶಾಯ್ ಚಿತ್ರವನ್ನು ಅವರ ಮುಂದಕ್ಕೆ ಸರಿಸಿದಳು. "ಮುತ್ತು ಎಲ್ಲಾ ದೇಶದಲ್ಲೂ ಸಿಗುತ್ತೆ. ಸೋತ ಗಂಡಸು ಬೆನ್ನು ಕೊಡೋದು, ಗೆದ್ದ ಹೆಣ್ಣು ಬಾರಿಸೋದು, ಅದನ್ನ ನೋಡಿ ಅವನ ತಾಯೀನೇ ಕೇಕೆ ಹಾಕೋದು... ಇದು ನಮ್ಮಲ್ಲಿ ಮಾತ್ರ. ನಾಚ್ಕೊಳ್ಳೋಕೆ ಏನಿದೆ ಇದರಲ್ಲಿ? ನನಗಂತೂ ಹೆಮ್ಮೆ!"

ಬೈಕೆ ಬಹಳ ಹೊತ್ತು ಚಿತ್ರ ನೋಡಿದರು. "ನನ್ನ ಹೆಂಡತಿಗೂ ಇದೇ ಇಷ್ಟ ಆಯ್ತು," ಎಂದು ಗೊಣಗಿ ಒಪ್ಪಿಬಿಟ್ಟರು.

ಮುದ್ರಣಾಲಯದಲ್ಲಿ ಗೋಡೆಯಷ್ಟು ದೊಡ್ಡ ಮಾದರಿ ಹಾಳೆ ಬಿಡಿಸಿದರು. ಕನಿಶಾಯ್ ಹತ್ತಿರ ಹೋಗಿ ನಿಂತಳು. ಅಷ್ಟು ದಿನ ಆ ಚಿತ್ರದಲ್ಲಿ ತನ್ನನ್ನೇ ನೋಡಿಕೊಂಡಿದ್ದಳು. ಈಗ, ಮೊದಲ ಸಲ, ಜೀರ್ದೆಯ ಮುಖ ನೋಡಿದಳು.

ಕುದುರೆಯ ಬಾಯಿ ತೆರೆದಿತ್ತು. ಕತ್ತು ಕಮಾನಿನಂತೆ ಬಾಗಿತ್ತು. ಲಗಾಮು ಬಿಗಿಯಾಗಿ, ಬೆಕ್ತುರ್‌ನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಕುದುರೆಗಳ ಮಧ್ಯೆ ಬೆಳೆದವಳಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಪ್ಪಿಸಿಕೊಂಡು ಓಡುವ ಕುದುರೆಯ ಬಾಯಿ ಹಾಗಿರುವುದಿಲ್ಲ. ಅವನು ತಿರುಗಿ ಬರುವಾಗಲೂ ಲಗಾಮು ಹಿಡಿದಿದ್ದ! ಲಗಾಮು ಬಿಟ್ಟಿದ್ದರೆ ಆ ಬಿಳಿ ಕುದುರೆ ಜೀರ್ದೆಯ ಧೂಳನ್ನೂ ಮುಟ್ಟುತ್ತಿರಲಿಲ್ಲ. ಏಟು ತಾಗಲಿ ಎಂದೇ ಅವನು ನಿಧಾನಿಸಿದ್ದ.

'ಬೇಡವಾದ ಹುಡುಗಿಯ ಕೈಯಲ್ಲಿ ಯಾರಾದರೂ ಬೇಕೆಂದೇ ಏಟು ತಿನ್ನುತ್ತಾರಾ?'

ಪೋಸ್ಟರ್‌ಗೆ ಅವನ ಒಪ್ಪಿಗೆ ಬೇಕಿತ್ತು. ಒಂದು ಫೋನ್ ಕರೆಯ ಕೆಲಸ. ಕನಿಶಾಯ್ ಅದಕ್ಕಾಗಿ ಬೆಳಿಗ್ಗೆಯೇ ಕಾರು ಹತ್ತಿದಳು.

ಹುಲ್ಲುಗಾವಲು ಹಳದಿಯಾಗಿತ್ತು. ಚಳಿಗೆ ಮುಂಚೆ ಊರಿಗಿಳಿಯಲು ಗುಡಾರ ಬಿಚ್ಚುತ್ತಿದ್ದರು. ಅವಳನ್ನು ಕಂಡ ತೊತುಗುಲ್ ಅಪಾ ಕೈಲಿದ್ದ ಹಗ್ಗ ಬಿಟ್ಟು ಬಂದು ತಬ್ಬಿಕೊಂಡರು.

"ಬಂದ್ಯಾ ಮಗಳೇ! ನಮ್ಮವನು ಬೇಸಿಗೆಯೆಲ್ಲ ಬೆನ್ನು ನೋವು ಅಂತಿದ್ದ. ನೋವು ಬೆನ್ನಲ್ಲಿಲ್ಲ ಅಂತ ನಂಗೊತ್ತಿಲ್ವಾ?"

"ಅಪಾ, ಸುಮ್ನಿರಮ್ಮಾ!" ಎಂದ ಬೆಕ್ತುರ್, ಕಿವಿಯವರೆಗೂ ಕೆಂಪಾಗಿ.

ಅಪಾ ನಗುತ್ತ ಆ ಕಡೆ ಹೋದರು. ಇಬ್ಬರೇ ಉಳಿದರು.

"ಯಾಕೆ ಹಿಡಿದ್ರಿ ಲಗಾಮು?" ಅವಳು ನೇರವಾಗಿ ಕೇಳಿದಳು. "ಊರೆಲ್ಲ ನಕ್ಕಿತು ನನ್ನ ನೋಡಿ!"

ಅವನು ಪಕ್ಕದಲ್ಲಿದ್ದ ಜೀರ್ದೆಯ ಕತ್ತು ಸವರಿದ.

"ಆವತ್ತು ಬೆಳಿಗ್ಗೆ ನಿಮ್ಮ ಸಾಹೇಬ್ರು ಬಂದು, ಮುತ್ತು ಕೊಡ್ಲೇಬೇಕು, ಅದು ಕೆಲಸ ಅಂದ್ರು. ಬೇರೆ ಹುಡುಗಿ ಆಗಿದ್ರೆ ಆಟ ಅಂತ ಮುಗಿಸ್ಬಿಡ್ತಿದ್ನೇನೋ. ಹತ್ತಿರ ಬಂದೆ... ನೀವು ತಿರುಗಿ ನೋಡಿದ್ರಿ... ಇವಳು ಮನಸ್ಸಿಂದ ಬಂದಿದ್ದಾಳೋ, ನೌಕರಿಗೆ ಬಂದಿದ್ದಾಳೋ ಗೊತ್ತಾಗ್ಲಿಲ್ಲ. ಯಾರೋ ಹೇಳಿದ್ರು ಅಂತ ನಿಮಗೆ ಮುತ್ತು ಕೊಡೋಕೆ ನನ್ನ ಕೈಲಿ ಆಗ್ಲಿಲ್ಲ ಕನಿಶಾಯ್. ಪ್ರೀತಿ ಇರದಿದ್ರೆ ಸುಲಭವಾಗಿತ್ತು."

ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು. "ಮತ್ತೆ ತಿರುಗಿ ಬರುವಾಗ?"

"ಸೋತವನು ಏಟು ತಿನ್ನೋದು ಆಟದ ಮರ್ಯಾದೆ. ಓಡಿಹೋಗೋದು ಹೇಗೆ? ನೀವು ಗೆಲ್ಲೋದನ್ನ ಎಲ್ಲರೂ ನೋಡ್ಲಿ ಅಂತ..."

"ನನ್ನನ್ನ ಗೆಲ್ಲಿಸೋಕೆ ನೀವ್ಯಾರು ರೀ?" ಕಣ್ಣೀರಿನ ಮಧ್ಯೆಯೇ ಅವಳ ಮೂಗಿನ ತುದಿಗೆ ಕೋಪ ಬಂತು. "ಎಲ್ಲಿ, ಜೀರ್ದೆ ಕೊಡಿ ಇಲ್ಲಿ! ನೀವು ಆ ಬಿಳಿ ಕುದುರೆ ಹತ್ತಿ. ಈಗ ಹಿಡೀರಿ ನೋಡೋಣ!"

ಅವನು ಜೀರ್ದೆಯ ಲಗಾಮು ಅವಳ ಕೈಗಿಟ್ಟ.

ಜೀರ್ದೆ ಓಡಿತು. ಅಬ್ಬಾ, ಎಂಥ ಓಟ! ಕ್ಯಾಮೆರಾ ಇಲ್ಲ, ಅತಿಥಿಗಳಿಲ್ಲ, ಕೇಕೆ ಹಾಕಲು ಊರೂ ಇಲ್ಲ. ಕೆಳಗೆ ಸರೋವರ, ಮೇಲೆ ಬೆಟ್ಟ, ನಡುವೆ ಅವಳು. ಇದು ನನ್ನ ನೆಲ ಎಂದು ಎದೆ ತುಂಬಿ ಬಂತು ಅವಳಿಗೆ. ಹಿಂದೆ ದೂರದಲ್ಲಿ ಬಿಳಿ ಕುದುರೆ ಏದುಸಿರು ಬಿಡುತ್ತಿತ್ತು. ಈ ಜನ್ಮದಲ್ಲಿ ಅದು ತನ್ನನ್ನು ಹಿಡಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕನಿಶಾಯ್ ಲಗಾಮು ಎಳೆದಳು.

ಜೀರ್ದೆ ಸಿಟ್ಟಿನಿಂದ ತಲೆ ಕೊಡವಿ ನಿಂತಿತು. ಬೆಕ್ತುರ್ ಬಂದು ಪಕ್ಕದಲ್ಲಿ ನಿಂತ. ಕುದುರೆಗಿಂತ ಅವನೇ ಹೆಚ್ಚು ಏದುತ್ತಿದ್ದ.

"ಯಾಕೆ ನಿಲ್ಸಿದೆ?" ಅವನ ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗಿತ್ತು. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

"ಈ ಸಲ ಯಾರೂ ಹೇಳಿಲ್ಲ... ಅದಕ್ಕೆ."

ಅವನು ಬಿಳಿ ಟೋಪಿ ತೆಗೆದು ಎದೆಗೊತ್ತಿಕೊಂಡ. ಅವಳು ತಡಿಯಿಂದ ಬಾಗಿ, ಅವನಿಗಿಂತ ಮೊದಲು ತಾನೇ ಮುತ್ತಿಟ್ಟಳು.

ಬಹಳ ಹೊತ್ತಿನ ಮೇಲೆ ಅವನು ಕಿವಿಯ ಬಳಿ ಕೇಳಿದ:

"ಸರ್ಕಾರ, ಪೋಸ್ಟರ್‌ಗೆ ಯಾವುದು? ಅದೋ, ಇದೋ?"

"ಏಟು ಲೋಕಕ್ಕೆ," ಎಂದಳು ಕನಿಶಾಯ್, ಅವನ ಭುಜದಲ್ಲಿ ಮುಖ ಹುದುಗಿಸಿ. "ಇದು ನನಗೆ."