ಮೇಷ್ಟ್ರ ಮೈಕ್ರೋಸ್ಕೋಪು

ಜೀರುಂಡೆಗಳ ಜಾತಿ ಗುರುತಿಸುವುದನ್ನು ನನಗೆ ಕಲಿಸಿದ ಮೇಷ್ಟ್ರ ಕಣ್ಣುಗಳು ಬಹಳ ಹತ್ತಿರ ಹತ್ತಿರ. ಅವರು ನೋಡಿ ಎದ್ದ ಮೇಲೆ ಮೈಕ್ರೋಸ್ಕೋಪಿನ ಕಣ್ಣಿಡುವ ಎರಡು ಕೊಳವೆಗಳನ್ನು ನಾನು ಗೊಣಗುತ್ತ ಅಗಲ ಮಾಡಿಕೊಳ್ಳುತ್ತಿದ್ದೆ. “ಮೊದಲು ಹೊಟ್ಟೆ ನೋಡಮ್ಮ, ಬೆನ್ನು ಎಲ್ಲರಿಗೂ ಕಾಣತ್ತೆ,” ಎನ್ನುತ್ತಿದ್ದರು.

ಅವರು ತೀರಿಕೊಂಡ ಮರುವರ್ಷ, ಅವರು ಒಂದೇ ಜಾತಿ ಎಂದಿದ್ದ ಜೀರುಂಡೆಗಳನ್ನು ಎರಡು ಜಾತಿಯೆಂದು ಬರೆಯಲು ಕೂತೆ. ಒಣಗಿದ ಜೀರುಂಡೆಯೊಂದನ್ನು ಬೆನ್ನು ಮೇಲಾಗಿ ಅದೇ ಮೈಕ್ರೋಸ್ಕೋಪಿನಡಿ ಇಟ್ಟು, ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋದೆ.

ಬಂದು ಬಗ್ಗಿದರೆ ಒಂದೇ ಕಣ್ಣಿಗೆ ಕಾಣುತ್ತಿದೆ. ಕೊಳವೆಗಳು ಹತ್ತಿರ ಸರಿದಿದ್ದವು. ಕಣ್ಣಿಗೆ ತಾಗಿದ ಗಾಜು ಬೆಚ್ಚಗಿತ್ತು. ಜೀರುಂಡೆ ಹೊಟ್ಟೆ ಮೇಲಾಗಿ ಮಲಗಿತ್ತು.

ಎಲ್ಲವುಗಳ ಹೊಟ್ಟೆ ನೋಡಿದೆ. ಒಂದೇ ಜಾತಿ. ಬರೆದದ್ದನ್ನು ಹರಿದುಹಾಕಿದೆ.

ಆ ಕೋಣೆಗಿರುವುದು ಒಂದೇ ಬೀಗದ ಕೈ, ಅದು ನನ್ನ ಹತ್ತಿರವೇ ಇದೆ. ಈಗಲೂ ಊಟ ಮುಗಿಸಿ ಬಂದು ಕೂತಾಗಲೆಲ್ಲ ಗೊಣಗುತ್ತ ಕೊಳವೆಗಳನ್ನು ಅಗಲ ಮಾಡಿಕೊಳ್ಳುತ್ತೇನೆ.